ಗಂಗಾಮೂಲದಿಂದ ಕೇಡಗಾಂವ್‌ವರೆಗೆ: ಕೆಲಸಕ್ಕಿಂತ ಪ್ರಾರ್ಥನೆಯನ್ನು ಮುಂದಿಟ್ಟ ಪಂಡಿತಾ ರಮಾಬಾಯಿ

1891ರ ಹೊತ್ತಿಗೆ ಪಂಡಿತಾ ರಮಾಬಾಯಿ ಅವರಿಗೆ ಬಿಡುವೆಂಬುದೇ ಇರಲಿಲ್ಲ. ಪುಣೆಯ ಶಾರದಾ ಸದನದಲ್ಲಿ ಬಾಲವಿಧವೆಯರಿಗೆ ಪಾಠ ಹೇಳಬೇಕು, ಅವರ ಊಟ, ಬಟ್ಟೆ, ಆರೋಗ್ಯ ನೋಡಿಕೊಳ್ಳಬೇಕು, ಬಾಸ್ಟನ್ನಿನ ದಾನಿಗಳಿಗೆ ಲೆಕ್ಕ ಒಪ್ಪಿಸಬೇಕು, ಸಂಶಯದಿಂದ ನೋಡುವ ನಗರದ ಗಣ್ಯರಿಗೆ ಸಮಾಧಾನ ಹೇಳಬೇಕು. ವಯಸ್ಸು 33. ಮೂರು ಖಂಡಗಳಲ್ಲಿ ಹೆಸರು. ದೀಕ್ಷಾಸ್ನಾನ ಪಡೆದು ಎಂಟು ವರ್ಷಗಳಾಗಿದ್ದವು. ಹೊರಗಿನವರ ಕಣ್ಣಿಗೆ ಇದಕ್ಕಿಂತ ಸಾರ್ಥಕವಾದ ಕ್ರೈಸ್ತ ಜೀವನ ಬೇರೊಂದಿರಲಾರದು ಎನಿಸುತ್ತಿತ್ತು. ಆದರೆ ಅದೇ ದಿನಗಳಲ್ಲಿ ಅವರ ಮನಸ್ಸನ್ನು ಒಂದು ಅನುಮಾನ ಕೊರೆಯತೊಡಗಿತ್ತು. ತನಗೆ ದೊರೆತಿರುವುದು ಕ್ರಿಸ್ತನ ಧರ್ಮ ಮಾತ್ರ, ಕ್ರಿಸ್ತನಲ್ಲ ಎಂಬ ಅರಿವು ಅದು. ಮುಂದಿನ ಮೂವತ್ತು ವರ್ಷಗಳ ಅವರ ಬದುಕು ತಿರುಗಿಕೊಂಡದ್ದು ಈ ಅರಿವಿನ ಸುತ್ತಲೇ.

ರಮಾಬಾಯಿ ಅವರನ್ನು ಸಾಮಾನ್ಯವಾಗಿ ಮಹಾರಾಷ್ಟ್ರದವರೆಂದೇ ಎಣಿಸಲಾಗುತ್ತದೆ. ಆದರೆ ಅವರು ಕಣ್ಣುಬಿಟ್ಟದ್ದು ಕನ್ನಡ ನಾಡಿನ ಮಲೆಗಳಲ್ಲಿ. ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವಾದ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು ಅವರ ಜನನ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದೇ ಅವರು ಮಾಡಿದ ಅಪರಾಧ. ಹೆಂಗಸಿಗೆ ದೇವಭಾಷೆ ಕಲಿಸಬಹುದೇ ಎಂಬ ಆಕ್ಷೇಪಕ್ಕೆ ಅವರು ಉಡುಪಿಯ ವಿದ್ವಾಂಸರ ಸಭೆಯಲ್ಲಿ ಶಾಸ್ತ್ರಾಧಾರಗಳನ್ನಿಟ್ಟು ಉತ್ತರ ಕೊಡಬೇಕಾಯಿತು. ಬಂಧುಗಳ ಕಿರಿಕಿರಿ ಬೇಡವೆಂದು ಕಾಡಿನಲ್ಲಿ ಮನೆ ಕಟ್ಟಿಕೊಂಡು ಶಿಷ್ಯರಿಗೆ ಪಾಠ ಹೇಳತೊಡಗಿದರು. ಬಂದವರಿಗೆಲ್ಲ ಅನ್ನವಿಟ್ಟು ಗಂಟು ಕರಗಿತು. ಮಗು ರಮಾಳಿಗೆ ಆರು ತಿಂಗಳಾಗಿದ್ದಾಗ ಸಂಸಾರ ಕಾಡು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಆಳಿನ ತಲೆಯ ಮೇಲಿನ ಬೆತ್ತದ ಬುಟ್ಟಿಯಲ್ಲಿ ಕೂಸು ಘಟ್ಟ ಇಳಿಯಿತು.

ಆ ಯಾತ್ರೆ ಮುಗಿಯಲೇ ಇಲ್ಲ. ಊರೂರಿನ ದೇವಸ್ಥಾನಗಳಲ್ಲಿ ಪುರಾಣ ಓದುವುದು, ಭಕ್ತರು ಕೊಟ್ಟದ್ದರಲ್ಲಿ ಬದುಕುವುದು ಸಂಸಾರದ ವೃತ್ತಿಯಾಯಿತು. ತಾಯಿಯಿಂದ ಸಂಸ್ಕೃತ ಕಲಿತ ರಮಾ ಹದಿಹರೆಯದಲ್ಲೇ ಭಾಗವತದ ಸಾವಿರಾರು ಶ್ಲೋಕಗಳನ್ನು ಕಂಠಸ್ಥ ಮಾಡಿಕೊಂಡರು. ವ್ರತ, ಉಪವಾಸ, ಸ್ನಾನ, ದಾನ ಇವುಗಳಲ್ಲಿ ಯಾವುದನ್ನೂ ಆ ಕುಟುಂಬ ತಪ್ಪಿಸಲಿಲ್ಲ. 1874ರಲ್ಲಿ ಬರಗಾಲ ಬಂದಿತು. ಭಿಕ್ಷೆ ಬೇಡಲು ನಾಚಿದ, ಕೂಲಿ ಮಾಡಲು ತಿಳಿಯದ ಆ ಪಂಡಿತರ ಮನೆಯಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಕೆಲವೇ ತಿಂಗಳುಗಳಲ್ಲಿ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಕಾಲ್ನಡಿಗೆಯಲ್ಲಿ ಸಾವಿರಾರು ಮೈಲು ಅಲೆದು 1878ರಲ್ಲಿ ಕಲ್ಕತ್ತಾ ತಲುಪಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತರ ಈ ಯುವತಿಯನ್ನು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು.

ಆಮೇಲಿನ ನಾಲ್ಕು ವರ್ಷಗಳು ಬಿರುಗಾಳಿಯಂತೆ ಕಳೆದವು. 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಜಾತಿಯ ಗಡಿ ದಾಟಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿ ಅವರನ್ನು ಮದುವೆಯಾದರು. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿ ಕಾಲರಾಕ್ಕೆ ಬಲಿಯಾದರು. ಇಪ್ಪತ್ಮೂರರ ವಿಧವೆ ಕೂಸನ್ನೆತ್ತಿಕೊಂಡು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು, ಸ್ತ್ರೀಯರಿಗಾಗಿ ಪುಸ್ತಕ ಬರೆದರು, ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು ಮಹಿಳಾ ವೈದ್ಯರ ಅಗತ್ಯದ ಬಗ್ಗೆ ಸಾಕ್ಷ್ಯ ನುಡಿದರು. ತಾವೂ ವೈದ್ಯೆಯಾಗಬೇಕೆಂಬ ಆಸೆಯಿಂದಲೇ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗಿದ್ದುದರಿಂದ ಆ ಆಸೆ ಈಡೇರಲಿಲ್ಲ.

ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಅವರಿಗೆ ಆಶ್ರಯ ಕೊಟ್ಟವರು ಆಂಗ್ಲಿಕನ್ ಸನ್ಯಾಸಿನಿಯರು. ಫುಲ್‌ಹ್ಯಾಮ್‌ನಲ್ಲಿ ಅವರು ನಡೆಸುತ್ತಿದ್ದ ಆಶ್ರಮವನ್ನು ರಮಾಬಾಯಿ ನೋಡಿದರು. ಸಮಾಜ ಪತಿತೆಯರೆಂದು ಹೊರಹಾಕಿದ ಹೆಂಗಸರನ್ನು ಅಲ್ಲಿ ಮನುಷ್ಯರಂತೆ ನಡೆಸಿಕೊಳ್ಳಲಾಗುತ್ತಿತ್ತು. ಇದಕ್ಕೆ ಕಾರಣ ಕೇಳಿದಾಗ ಅವರ ಮುಂದೆ ತೆರೆದದ್ದು ಯೋಹಾನನ ಸುವಾರ್ತೆಯಲ್ಲಿನ ಸಮಾರ್ಯದ ಹೆಂಗಸಿನ ಕಥೆ. ನೆಹೆಮಯ್ಯ ಗೋರೆ ಅವರ ಬರಹಗಳೂ ಅವರ ಬುದ್ಧಿಯನ್ನು ಒಪ್ಪಿಸಿದವು. 1883ರ ಸೆಪ್ಟೆಂಬರ್ 29ರಂದು ತಾಯಿ, ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದರು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ರಮಾಬಾಯಿ ಕ್ರೈಸ್ತ ಧರ್ಮವನ್ನು ಪ್ರವೇಶಿಸಿದ್ದು ಸೇವೆಯ ಬಾಗಿಲಿನಿಂದ. ನೊಂದ ಹೆಣ್ಣಿಗೆ ಅಲ್ಲಿ ಸಿಗುವ ಮರ್ಯಾದೆ ಅವರನ್ನು ಸೆಳೆಯಿತು, ತರ್ಕ ಅವರನ್ನು ಒಪ್ಪಿಸಿತು. ಸಿದ್ಧಾಂತದ ವಿಷಯದಲ್ಲಿ ಮಾತ್ರ ಅವರು ಯಾರಿಗೂ ಸುಲಭವಾಗಿ ತಲೆಬಾಗಿದವರಲ್ಲ. ತ್ರಿಯೇಕತ್ವದಂಥ ವಿಷಯಗಳ ಮೇಲೆ ವಾಂಟೇಜ್‌ನ ಸಿಸ್ಟರ್ ಜೆರಾಲ್ಡೀನ್ ಅವರೊಡನೆ ಅವರು ನಡೆಸಿದ ಪತ್ರವ್ಯವಹಾರ ಗುರು-ಶಿಷ್ಯೆಯರ ಸಂವಾದಕ್ಕಿಂತ ಹೆಚ್ಚಾಗಿ ಇಬ್ಬರು ಪಟ್ಟುಬಿಡದ ವಾದಿಗಳ ಜಟಾಪಟಿಯಂತಿದೆ. ಹೃದಯ ಎಲ್ಲಿತ್ತು ಎಂಬ ಪ್ರಶ್ನೆ ಕೇಳಿಕೊಳ್ಳಲು ಆಗ ಅವರಿಗೆ ಪುರಸೊತ್ತಿರಲಿಲ್ಲ. ಚೆಲ್ಟೆನ್‌ಹ್ಯಾಮ್‌ನಲ್ಲಿ ಸಂಸ್ಕೃತ ಕಲಿಸುವುದು, 1886ರಲ್ಲಿ ಅಮೆರಿಕಕ್ಕೆ ಹೋಗಿ ಆನಂದಿಬಾಯಿ ಜೋಶಿ ವೈದ್ಯ ಪದವಿ ಪಡೆಯುವುದನ್ನು ಕಣ್ಣಾರೆ ಕಾಣುವುದು, 1887ರಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತ ಇಂಗ್ಲಿಷ್ ಪುಸ್ತಕ ಹೊರತರುವುದು, ಊರೂರಿನಲ್ಲಿ ಭಾಷಣ ಮಾಡುವುದು, ಹೀಗೆ ಒಂದರ ಹಿಂದೊಂದು ಕೆಲಸ. ಬಾಸ್ಟನ್ನಿನಲ್ಲಿ ರೂಪುಗೊಂಡ ರಮಾಬಾಯಿ ಸಂಘ ಹತ್ತು ವರ್ಷ ಹಣ ಕೊಡುವುದಾಗಿ ವಚನವಿತ್ತಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನದ ಬಾಗಿಲು ತೆರೆಯಿತು. ಮರುವರ್ಷ ಅದು ಪುಣೆಗೆ ಬಂದಿತು. ಮುಂದೆ ಮಹರ್ಷಿ ಕರ್ವೆ ಅವರ ಕೈಹಿಡಿದ ಗೋದೂಬಾಯಿ ಓದಿದ್ದು ಇಲ್ಲಿಯೇ.

1891ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಹ್ಯಾಸ್ಲಮ್ ಅವರ ಆತ್ಮಕಥೆ ರಮಾಬಾಯಿ ಕೈಗೆ ಸಿಕ್ಕಿತು. ಹ್ಯಾಸ್ಲಮ್ ಕಾರ್ನ್‌ವಾಲ್‌ನಲ್ಲಿ ಬಹಳ ಶ್ರದ್ಧೆಯಿಂದ ದುಡಿಯುತ್ತಿದ್ದ ಪಾದ್ರಿ. ಚರ್ಚು ಕಟ್ಟಿಸಿದವರು, ಸಭೆಯನ್ನು ಅಚ್ಚುಕಟ್ಟಾಗಿ ನಡೆಸಿದವರು. ಹೀಗೆ ವರ್ಷಗಟ್ಟಲೆ ದೇವರ ಕೆಲಸ ಮಾಡಿದ ಮೇಲೆ, 1851ರ ಒಂದು ಭಾನುವಾರ ಪ್ರಸಂಗವೇದಿಕೆಯ ಮೇಲೆ ನಿಂತು ಮಾತಾಡುತ್ತಿದ್ದಾಗಲೇ, ತಾನು ಬೋಧಿಸುತ್ತಿರುವುದು ತನ್ನೊಳಗೇ ನಡೆದಿಲ್ಲವೆಂದು ಅವರಿಗೆ ಹೊಳೆದಿತ್ತು. ಪುಸ್ತಕ ಓದಿದ ರಮಾಬಾಯಿ ಬೆಚ್ಚಿದರು. ಆ ಕನ್ನಡಿಯಲ್ಲಿ ಕಂಡದ್ದು ಅವರದೇ ಮುಖವಾಗಿತ್ತು. ಬಾಲ್ಯದ ಯಾತ್ರೆಗಳಲ್ಲಿ ಪುಣ್ಯಕ್ಕಾಗಿ ಬೆವರು ಸುರಿಸಿದ್ದ ತಾನು ಈಗ ಬೇರೆ ಹೆಸರಿನಲ್ಲಿ ಅದೇ ಬೆವರನ್ನು ಸುರಿಸುತ್ತಿದ್ದೇನಷ್ಟೆ ಎಂದು ಅವರಿಗೆ ತೋರಿತು. ಇದನ್ನು ಅವರು ಮುಂದೆ ತಮ್ಮ ಆತ್ಮನಿವೇದನೆಯಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಲೋಕ ಹೊಗಳುತ್ತಿರುವಾಗ ಒಳಗೆ ಬರಿದಾಗಿದ್ದೇನೆ ಎನ್ನುವುದು ಸುಲಭದ ಮಾತಲ್ಲ.

ಹೊರಗೆ ಕಾಣುವಂತೆ ಆದ ಬದಲಾವಣೆ ಚಿಕ್ಕದು. ದಿನದ ಕೆಲಸ ಆರಂಭವಾಗುವ ಮೊದಲು ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಬೈಬಲ್ ಓದಿ ಪ್ರಾರ್ಥಿಸುವುದಕ್ಕೆ ಅವರು ಸಮಯ ಮೀಸಲಿಟ್ಟರು. ಕೋಣೆಯ ಬಾಗಿಲು ಮುಚ್ಚಿರುತ್ತಿರಲಿಲ್ಲ. ಆ ತೆರೆದ ಬಾಗಿಲೇ ಸಂಸ್ಥೆಯ ಬುಡ ಅಲುಗಿಸಿತು.

ಶಾರದಾ ಸದನ ಧರ್ಮದ ವಿಷಯದಲ್ಲಿ ತಟಸ್ಥವಾಗಿರಬೇಕೆಂಬುದು ಒಪ್ಪಂದ. ಆ ಭರವಸೆಯ ಮೇಲೆಯೇ ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರಕರ್ ಅವರಂಥ ಸುಧಾರಕರು ಸಲಹಾ ಸಮಿತಿಯಲ್ಲಿದ್ದರು. ಹುಡುಗಿಯರು ತಾವಾಗಿಯೇ ಬಂದು ಪ್ರಾರ್ಥನೆಯಲ್ಲಿ ಕೂರತೊಡಗಿದ ಸುದ್ದಿ ಹೊರಬಿದ್ದಾಗ ಪುಣೆ ಕೆರಳಿತು. ಬಾಲಗಂಗಾಧರ ತಿಲಕರ ಕೇಸರಿ ಪತ್ರಿಕೆ ಸದನದ ಮೇಲೆ ಮುಗಿಬಿದ್ದಿತು. 1893ರಲ್ಲಿ ಸಮಿತಿಯ ಗಣ್ಯರು ಹೊರನಡೆದರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಕರೆದೊಯ್ದರು. ತಾನು ಯಾರನ್ನೂ ಕರೆದಿಲ್ಲ, ಆದರೆ ಬಂದವರನ್ನು ತಡೆಯುವುದೂ ಇಲ್ಲ, ತನ್ನ ಪ್ರಾರ್ಥನೆಯನ್ನು ಕದವಿಕ್ಕಿಕೊಂಡು ಮಾಡುವುದೂ ಇಲ್ಲ ಎಂಬುದು ರಮಾಬಾಯಿ ನಿಲುವು.

ಪೋಷಕರ ಆತಂಕ ಆಧಾರವಿಲ್ಲದ್ದೆಂದು ತಳ್ಳಿಹಾಕುವಂತಿಲ್ಲ. ಆಶ್ರಯ ಕೊಟ್ಟವರ ಪ್ರಭಾವ ಎಳೆಯರ ಮೇಲೆ ಎಷ್ಟು ಸಹಜ, ಎಷ್ಟು ಒತ್ತಾಯ ಎಂಬ ಪ್ರಶ್ನೆಗೆ ಇಂದೂ ಸುಲಭದ ಉತ್ತರವಿಲ್ಲ. ಆದರೆ ರಮಾಬಾಯಿ ಮುಂದಿದ್ದ ಆಯ್ಕೆ ಮಾತ್ರ ಸ್ಪಷ್ಟವಾಗಿತ್ತು. ಬಾಗಿಲು ಮುಚ್ಚಿದರೆ ಸಂಸ್ಥೆ ಉಳಿಯುತ್ತದೆ, ಗಣ್ಯರ ಬೆಂಬಲ ಉಳಿಯುತ್ತದೆ, ಇನ್ನಷ್ಟು ಬಾಲವಿಧವೆಯರು ಬರುತ್ತಾರೆ. ಆರು ವರ್ಷಗಳ ಹಿಂದಿನ ರಮಾಬಾಯಿ ಆಗಿದ್ದರೆ ಕೆಲಸ ಉಳಿಯಲಿ ಎಂದು ಬಹುಶಃ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರೇನೊ. ಈಗ ಸರಿಯಲಿಲ್ಲ.

ಲೋಣಾವಳದಲ್ಲಿ ನಡೆಯುತ್ತಿದ್ದ ಕ್ರೈಸ್ತ ಶಿಬಿರಗಳು ಈ ದಿನಗಳಲ್ಲಿ ಅವರಿಗೆ ಹೊಸ ಬಲ ಕೊಟ್ಟವು. ಅಂಥ ಒಂದು ಶಿಬಿರಕ್ಕೆ ತಮ್ಮೊಂದಿಗೆ ಕ್ರೈಸ್ತರಾಗಿದ್ದ ಹದಿನೈದು ಹುಡುಗಿಯರನ್ನು ಕರೆದೊಯ್ದಿದ್ದ ಅವರು, ಮುಂದಿನ ಶಿಬಿರದೊಳಗೆ ಈ ಹದಿನೈದು ತನ್ನ ವರ್ಗವಾಗಲಿ, ಅಂದರೆ 225 ಆಗಲಿ ಎಂದು ಬೇಡಿಕೊಂಡರು. ಅಷ್ಟು ಜನರಿಗೆ ಅನ್ನ ಹಾಕುವ ಹಣವಾಗಲಿ ಮಲಗಿಸುವ ಜಾಗವಾಗಲಿ ಅವರಲ್ಲಿರಲಿಲ್ಲ. ಲೆಕ್ಕಾಚಾರದಲ್ಲಿ ಬಹು ಬಿಗಿಯಾಗಿದ್ದ ಹೆಂಗಸೊಬ್ಬರು ಇಂಥ ಪ್ರಾರ್ಥನೆ ಮಾಡಿದರೆಂಬುದೇ ವಿಚಿತ್ರ.

1896ರ ಕೊನೆಯಲ್ಲಿ ಮಧ್ಯಪ್ರಾಂತ್ಯದಲ್ಲಿ ಭೀಕರ ಕ್ಷಾಮ ತಲೆದೋರಿತು. ಇಪ್ಪತ್ತೆರಡು ವರ್ಷಗಳ ಹಿಂದೆ ತನ್ನ ಹೆತ್ತವರನ್ನು ನುಂಗಿದ್ದ ಹಸಿವು ಅದೇ. ರಮಾಬಾಯಿ ಹೊರಟರು. ಅನ್ನಕೇಂದ್ರಗಳಲ್ಲಿ, ದಾರಿಬದಿಯಲ್ಲಿ ಎಲುಬಿನ ಹಂದರಗಳಾಗಿ ಬಿದ್ದಿದ್ದ, ಹೆಣ್ಣುಮಕ್ಕಳ ವ್ಯಾಪಾರಿಗಳ ಕೈಗೆ ಸಿಗಲಿದ್ದ ಸುಮಾರು 300 ಹುಡುಗಿಯರನ್ನು ಕರೆತಂದರು. ಅದೇ ಸಮಯಕ್ಕೆ ಪುಣೆಯಲ್ಲಿ ಪ್ಲೇಗು. ಹೊಸಬರನ್ನು ನಗರದೊಳಗೆ ಇಟ್ಟುಕೊಳ್ಳಲು ಅಧಿಕಾರಿಗಳು ಬಿಡಲಿಲ್ಲ. ಪುಣೆ-ದೌಂಡ್ ರೈಲುಮಾರ್ಗದ ಕೇಡಗಾಂವ್‌ನಲ್ಲಿ, ಹಣ್ಣಿನ ತೋಟ ಮಾಡಿ ಸದನದ ಖರ್ಚಿಗೆ ದಾರಿ ಮಾಡಿಕೊಳ್ಳಲೆಂದು ಕೊಂಡಿದ್ದ ಸುಮಾರು 100 ಎಕರೆ ಜಮೀನಿತ್ತು. ಅಲ್ಲಿ ಡೇರೆ, ಚಪ್ಪರಗಳಡಿ ಆರಂಭವಾದದ್ದೇ ಮುಕ್ತಿ. ಬೇಡಿದ 225ರ ಗಡಿ ದಾಟಿಹೋಗಿತ್ತು.

ಬಾಸ್ಟನ್ ಸಂಘ ವಚನವಿತ್ತ ಹತ್ತು ವರ್ಷಗಳು 1898ರಲ್ಲಿ ಮುಗಿದವು. ರಮಾಬಾಯಿ ಅಮೆರಿಕಕ್ಕೆ ಹೋಗಿ ಲೆಕ್ಕ ಒಪ್ಪಿಸಿ ಬಂದರು. ಹೊಸ ರೂಪದಲ್ಲಿ ಸಂಘ ಮುಂದುವರಿದರೂ ದಿನೇದಿನೇ ಬೆಳೆಯುತ್ತಿದ್ದ ಮುಕ್ತಿಗೆ ನಿಶ್ಚಿತ ವರಮಾನವಿರಲಿಲ್ಲ. ಬ್ರಿಸ್ಟಲ್‌ನಲ್ಲಿ ಪ್ರಾರ್ಥನೆಯನ್ನೇ ನಂಬಿ ಸಾವಿರಾರು ಅನಾಥರನ್ನು ಸಾಕಿದ ಜಾರ್ಜ್ ಮುಲ್ಲರ್, ಚೀನಾದಲ್ಲಿ ದುಡಿದ ಹಡ್ಸನ್ ಟೇಲರ್ ಇವರ ಜೀವನಚರಿತ್ರೆಗಳನ್ನು ಅವರು ಓದಿದ್ದರು. ಭಾರತದಲ್ಲಿಯೂ ಅದೇ ದೇವರಿಲ್ಲವೇ ಎಂಬ ಯೋಚನೆ ಅವರಲ್ಲಿ ಬೇರೂರಿತು. 1900ರ ಗುಜರಾತ್ ಕ್ಷಾಮದ ಬಳಿಕ ಮುಕ್ತಿಯ ಜನಸಂಖ್ಯೆ 2000ದ ಸಮೀಪಕ್ಕೆ ಬಂದಿತು. ಅದೊಂದು ಪುಟ್ಟ ಪಟ್ಟಣವೇ. ಶಾಲೆ, ನೇಯ್ಗೆ, ಹೊಲಿಗೆ, ಎಣ್ಣೆಗಾಣ, ಹೈನು, ಬೇಸಾಯ, ಮುದ್ರಣಾಲಯ ಎಲ್ಲವನ್ನೂ ನಡೆಸುತ್ತಿದ್ದವರು ಹೆಂಗಸರೇ. ಅಂಧರಿಗೆ ಬಾರ್ತಿಮಿ ಸದನ, ಶೋಷಣೆಗೊಳಗಾದವರಿಗೆ ಕೃಪಾ ಸದನ, ವೃದ್ಧೆಯರಿಗೆ ಪ್ರೀತಿ ಸದನ. ಅಂಧ ಹುಡುಗಿಯರಿಗೆ ಬ್ರೈಲ್ ಕಲಿಸಿದವರು ಮಗಳು ಮನೋರಮಾ.

ಇಷ್ಟು ಜನರ ಒಂದು ಹೊತ್ತಿನ ಅಡುಗೆಯ ಯೋಚನೆಯೇ ಒಬ್ಬ ಮನುಷ್ಯನ ದಿನವನ್ನು ನುಂಗಿಹಾಕಬಲ್ಲದು. ಆದರೆ ಕೇಡಗಾಂವ್‌ನ ದಿನಚರಿಯಲ್ಲಿ ಪ್ರಾರ್ಥನೆಗೆ ಇದ್ದ ಸ್ಥಾನವನ್ನು ಬೇರೆ ಯಾವ ಕೆಲಸವೂ ಕಸಿಯದಂತೆ ರಮಾಬಾಯಿ ನೋಡಿಕೊಂಡರು. ಬೆಂಬಲಿಗರಿಗಾಗಿ ಹೊರಡಿಸುತ್ತಿದ್ದ ಪತ್ರಿಕೆಗೂ ಅವರು ಕೊಟ್ಟ ಹೆಸರು ಮುಕ್ತಿ ಪ್ರೇಯರ್ ಬೆಲ್. ಪ್ರಾರ್ಥನೆಯ ಗಂಟೆ ಮೊದಲು ಬಾರಿಸಬೇಕು, ಉಳಿದ ಗಂಟೆಗಳು ಆಮೇಲೆ.

1905ರ ಆರಂಭದಲ್ಲಿ ಅವರು ಮತ್ತೊಂದು ಹೆಜ್ಜೆ ಇಟ್ಟರು. ಮುಕ್ತಿಯಲ್ಲಿ ಕೆಲಸ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ದೀಕ್ಷಾಸ್ನಾನ ಪಡೆದ ನೂರಾರು ಹುಡುಗಿಯರಲ್ಲಿ ಎಷ್ಟು ಮಂದಿಯ ಧರ್ಮ ಬಾಯಿಪಾಠದ್ದು ಎಂಬ ಚಿಂತೆ ಅವರನ್ನು ಬಿಟ್ಟಿರಲಿಲ್ಲ. 1891ರಲ್ಲಿ ತನ್ನಲ್ಲಿ ಕಂಡ ಕೊರತೆಯನ್ನು ಅವರು ಈಗ ತಾನು ಕಟ್ಟಿದ ಸಂಸ್ಥೆಯಲ್ಲಿ ಕಂಡರು. ವೇಲ್ಸ್‌ನಲ್ಲಿ ನಡೆಯುತ್ತಿದ್ದ ಆತ್ಮಿಕ ಜಾಗೃತಿಯ ಸುದ್ದಿಯೂ ಬರುತ್ತಿತ್ತು. ಅದಕ್ಕೂ ಮೊದಲೇ ಮನೋರಮಾ ಮತ್ತು ಸಹಕಾರಿ ಮಿನಿ ಏಬ್ರಮ್ಸ್ ಅವರನ್ನು ಆಸ್ಟ್ರೇಲಿಯಾದ ಇಂಥದೇ ಜಾಗೃತಿಯನ್ನು ಅರಿತು ಬರಲು ಕಳುಹಿಸಿದ್ದರು. ಪ್ರತಿದಿನ ಬೆಳಿಗ್ಗೆ ವಿಶೇಷ ಪ್ರಾರ್ಥನೆಗೆ ಬರಲು ಕರೆ ಕೊಟ್ಟಾಗ ಸುಮಾರು 70 ಮಂದಿ ಸೇರಿದರು. ಜೂನ್ ವೇಳೆಗೆ ಆ ಸಂಖ್ಯೆ ಹಲವು ನೂರಕ್ಕೇರಿತ್ತು.

ಜೂನ್ 29ರ ರಾತ್ರಿ ಕಳೆದು ಬೆಳಗಾಗುವ ಮುನ್ನ ಹುಡುಗಿಯರ ಮಲಗುವ ಕೋಣೆಯಲ್ಲಿ ಒಬ್ಬಳು ಎದ್ದು ಅಳುತ್ತ ಪ್ರಾರ್ಥಿಸತೊಡಗಿದಳು. ಆಕೆಯ ಮೈಗೆ ಬೆಂಕಿ ಆವರಿಸಿದಂತೆ ಕಂಡು ಇನ್ನೊಬ್ಬಳು ನೀರಿನ ಬಕೆಟ್ ತರಲು ಓಡಿದಳೆಂದು ಅಂದಿನ ವರದಿಗಳು ಹೇಳುತ್ತವೆ. ಮರುದಿನ ಸಂಜೆ ರಮಾಬಾಯಿ ತಮ್ಮ ಎಂದಿನ ಶಾಂತ ರೀತಿಯಲ್ಲಿ ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯವನ್ನು ವಿವರಿಸುತ್ತಿದ್ದರು. ಹುಡುಗಿಯರೆಲ್ಲ ಒಮ್ಮೆಗೇ ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ಪಾಠ ನಿಂತಿತು. ಕೆಲಕಾಲ ಶಾಲೆ, ಕೆಲಸಗಳ ನಿತ್ಯಕ್ರಮವೂ ತಪ್ಪಿತು. ಕದ್ದದ್ದನ್ನು, ಸುಳ್ಳು ಹೇಳಿದ್ದನ್ನು, ಜಗಳವಾಡಿದ್ದನ್ನು ಒಬ್ಬೊಬ್ಬರಾಗಿ ಒಪ್ಪಿಕೊಳ್ಳತೊಡಗಿದರು. ಗದ್ದಲ ಕಂಡು ಕೆಲವು ಮಿಷನರಿಗಳು ಮೂಗು ಮುರಿದರು. ಶಿಸ್ತಿಗೆ ಹೆಸರಾದ, ಬುದ್ಧಿಗೆ ಬೆಲೆ ಕೊಡುವ ರಮಾಬಾಯಿಗೆ ಈ ಅಬ್ಬರ ಸಹಜವಾಗಿ ಒಗ್ಗುವಂಥದ್ದಲ್ಲ. ಆದರೂ ಅವರು ತಡೆಯಲಿಲ್ಲ. ತಮಗೆ ಒಗ್ಗುವ ರೀತಿಯಲ್ಲೇ ದೇವರು ಬರಬೇಕೆಂಬ ಹಟವನ್ನು ಅವರು ಬಿಟ್ಟುಕೊಟ್ಟರು. ಇಡೀ ಪ್ರಸಂಗದಲ್ಲಿ ಗಮನ ಸೆಳೆಯುವುದು ಬೆಂಕಿಯ ಕಥೆಗಿಂತ ಇದು. ಬಳಿಕ ಹುಡುಗಿಯರ ತಂಡಗಳು ಸುತ್ತಲ ಹಳ್ಳಿಗಳಿಗೆ ಸುವಾರ್ತೆ ಸಾರಲು ಹೊರಟವು.

ಸುಧಾರಕಿಯೊಬ್ಬರು ಸಾರ್ವಜನಿಕ ಬದುಕಿನಿಂದ ಸರಿದು ಭಕ್ತಿಯ ಗೂಡು ಸೇರಿದರೆಂದು ಬೇಸರಪಟ್ಟವರಿದ್ದಾರೆ. 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನದಲ್ಲಿ ಮಹಿಳಾ ಪ್ರತಿನಿಧಿಯಾಗಿದ್ದವರು, ಇಡೀ ದೇಶದೊಡನೆ ವಾದಿಸುತ್ತಿದ್ದವರು, ಕೇಡಗಾಂವ್‌ನ ಬೇಲಿಯೊಳಗೆ ಉಳಿದುಬಿಟ್ಟರು ಎಂಬುದು ಅವರ ದೂರು. ಮಹಾರಾಷ್ಟ್ರದ ಸುಧಾರಣೆಯ ಇತಿಹಾಸದಲ್ಲಿ ಅವರ ಹೆಸರು ಬಹುಕಾಲ ಮಸುಕಾಗಿದ್ದುದಕ್ಕೂ ಮತಾಂತರ ಮಾತ್ರವಲ್ಲ, ಈ ಸರಿದು ನಿಂತದ್ದೂ ಒಂದು ಕಾರಣ. ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಬೇಲಿಯೊಳಗೆ ಆದ ಕೆಲಸ ಹೊರಗೆ ಆಗುತ್ತಿದ್ದುದಕ್ಕಿಂತ ಕಡಿಮೆಯೆಂದು ಹೇಳುವುದು ಕಷ್ಟ.

ಈ ಅವಧಿಯಲ್ಲಿ ಅವರು ಕೈಗೆತ್ತಿಕೊಂಡದ್ದು ಬೈಬಲ್ಲಿನ ಮರಾಠಿ ಅನುವಾದ. ಬಳಕೆಯಲ್ಲಿದ್ದ ಅನುವಾದದ ಸಂಸ್ಕೃತಮಯ ಭಾಷೆ ಕ್ಷಾಮದಿಂದ ಬಂದ ಹಳ್ಳಿಯ ಹುಡುಗಿಗೆ ಅರ್ಥವಾಗುತ್ತಿರಲಿಲ್ಲ. ಸಂಸ್ಕೃತದಲ್ಲಿ ಸರಸ್ವತಿ ಎನಿಸಿಕೊಂಡಿದ್ದವರು ಸಂಸ್ಕೃತ ಪದಗಳನ್ನು ಆರಿಸಿ ಹೊರಗಿಡತೊಡಗಿದ್ದು ಅವರ ಬದುಕಿನ ವಿಲಕ್ಷಣ ತಿರುವುಗಳಲ್ಲೊಂದು. ಮೂಲದಿಂದಲೇ ಅನುವಾದಿಸಬೇಕೆಂದು ಹೀಬ್ರೂ, ಗ್ರೀಕ್ ಕಲಿತರು. ಅಚ್ಚುಮೊಳೆ ಜೋಡಿಸುವುದರಿಂದ ಮುದ್ರಣದವರೆಗೆ ಎಲ್ಲವೂ ಮುಕ್ತಿಯ ಹೆಂಗಸರ ಕೈಕೆಲಸ. ಸಂಸ್ಥೆಯ ದೈನಂದಿನ ಆಡಳಿತವನ್ನು ಹೆಚ್ಚು ಹೆಚ್ಚಾಗಿ ಮಗಳಿಗೆ, ಸಹಕಾರಿಗಳಿಗೆ ಒಪ್ಪಿಸಿ ಅವರು ಈ ಪುಟಗಳೊಂದಿಗೆ ಕುಳಿತರು.

ಹುಟ್ಟೂರಿನ ಸೀಮೆಗೆ ರಮಾಬಾಯಿ ಮತ್ತೆ ಬಂದು ನೆಲೆಸಲಿಲ್ಲವಾದರೂ ಕನ್ನಡ ನಾಡಿನ ನಂಟು ಪೂರ್ತಿ ಕಡಿಯಲಿಲ್ಲ. ಆಗ ನಿಜಾಮರ ಸಂಸ್ಥಾನದಲ್ಲಿದ್ದ ಗುಲಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಮನೋರಮಾ ಹೆಣ್ಣುಮಕ್ಕಳಿಗಾಗಿ ಶಾಲೆ ಆರಂಭಿಸಿದರು. ಮುಕ್ತಿಯ ಮುಂದಿನ ಹೊಣೆ ಅವರದೇ ಎಂದು ಎಲ್ಲರೂ ಭಾವಿಸಿದ್ದರು. 1919ರಲ್ಲಿ ಬ್ರಿಟಿಷ್ ಸರ್ಕಾರ ರಮಾಬಾಯಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು.

1921ರ ಜುಲೈ 24ರಂದು ಮನೋರಮಾ ತೀರಿಕೊಂಡರು. ವಯಸ್ಸು ಬರೀ 40. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಇಪ್ಪತ್ನಾಲ್ಕು ತುಂಬುವ ಮೊದಲೇ ಕಳೆದುಕೊಂಡಿದ್ದ ರಮಾಬಾಯಿಗೆ ಉಳಿದಿದ್ದ ಒಂದೇ ರಕ್ತಸಂಬಂಧ ಅದು. ಕಿವಿ ಆ ವೇಳೆಗೆ ಬಹುತೇಕ ಕೇಳಿಸದಾಗಿತ್ತು, ದೇಹ ಸೋತಿತ್ತು. ಮುಕ್ತಿಯ ಹೊಣೆಯನ್ನು ಬೇರೆಯವರಿಗೆ ವಹಿಸುವ ಏರ್ಪಾಟು ಮಾಡಿ, ಅವರು ಮತ್ತೆ ಬೈಬಲ್ಲಿನ ಕರಡಚ್ಚುಗಳ ಮುಂದೆ ಕುಳಿತರು. ಈ ಕೆಲಸ ಮುಗಿಯುವಷ್ಟು ಆಯುಸ್ಸು ಮಾತ್ರ ಕೊಡೆಂದು ದೇವರನ್ನು ಬೇಡಿದ್ದರೆಂದು ಮುಕ್ತಿಯವರು ನೆನೆಯುತ್ತಾರೆ. 1922ರ ಏಪ್ರಿಲ್ 5ರಂದು, 64 ತುಂಬಲು ಹದಿನೆಂಟು ದಿನಗಳಿರುವಾಗ, ಕೇಡಗಾಂವ್‌ನಲ್ಲಿ ಅವರು ನಿದ್ರೆಯಲ್ಲೇ ಕೊನೆಯುಸಿರೆಳೆದರು. ಅವರು ತಿದ್ದಿದ ಕರಡಚ್ಚುಗಳು ಮುಕ್ತಿಯ ಮುದ್ರಣಾಲಯದಲ್ಲೇ ಪುಸ್ತಕವಾಗಿ 1924ರಲ್ಲಿ ಹೊರಬಂದವು.